ಊರಿಗೆ ಒಪ್ಪುವ ಆರೋಗ್ಯಸೇವೆ: ರಾಮನಗರ ಸೀಮೆಯ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು

ಧರ್ಮಕೇಂದ್ರಗಳಲ್ಲಿ ಆರೋಗ್ಯದ ಮಾತು ಬಂದಾಗ ನಮ್ಮ ಮನಸ್ಸು ಸಹಜವಾಗಿ ರೋಗಿಯ ಹಾಸಿಗೆಯ ಕಡೆಗೆ ಹೋಗುತ್ತದೆ. ರೋಗಿಗಳ ಅಭ್ಯಂಗ ಸಂಸ್ಕಾರ, ಆಸ್ಪತ್ರೆಯ ಭೇಟಿ, ಪ್ರತಿವರ್ಷ ಫೆಬ್ರವರಿ 11ರಂದು ಆಚರಿಸುವ ವಿಶ್ವ ರೋಗಿಗಳ ದಿನ, ಇವೆಲ್ಲವೂ ರೋಗ ಬಂದ ಮೇಲಿನ ಸೇವೆಗಳು. ರೋಗ ಬರುವುದಕ್ಕೆ ಮುಂಚಿನ ದಿನಗಳು, ಅಂದರೆ ಜನರು ದುಡಿಯುವ, ಉಣ್ಣುವ, ನೀರು ಸೇದುವ, ಮಲಗುವ ದಿನಗಳು, ಪಾಲನಾ ದೈವಶಾಸ್ತ್ರದ ತರಗತಿಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಸಾರ್ವಜನಿಕ ಆರೋಗ್ಯ ಎಂಬ ಶಾಸ್ತ್ರದ ಕ್ಷೇತ್ರವಾದರೋ ಈ ದಿನಗಳೇ.

ಆ ಶಾಸ್ತ್ರವು ಕಳೆದ ಅರ್ಧ ಶತಮಾನದಲ್ಲಿ ಕಲಿತ ದೊಡ್ಡ ಪಾಠವೊಂದಿದೆ. ಒಂದೇ ಕರಪತ್ರ, ಒಂದೇ ವೇಳಾಪಟ್ಟಿ, ಒಂದೇ ಉಪದೇಶವನ್ನು ಎಲ್ಲ ಊರುಗಳಿಗೂ ಕಳುಹಿಸಿದರೆ ಅದು ಹೆಚ್ಚಿನ ಊರುಗಳಲ್ಲಿ ಗೋಡೆಯ ಮೇಲೆಯೇ ಉಳಿಯುತ್ತದೆ. ಯಾರಿಗೆ, ಯಾವ ಹೊತ್ತಿನಲ್ಲಿ, ಯಾರ ಬಾಯಿಂದ, ಯಾವ ಮಾತಿನಲ್ಲಿ ಎಂಬುದನ್ನು ಆಯಾ ಊರನ್ನು ಕೇಳಿಯೇ ನಿರ್ಧರಿಸಬೇಕು. ಇದನ್ನು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲೂಕುಗಳ ಬದುಕನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ. 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ ಈ ಸೀಮೆಗೆ 2025ರಲ್ಲಿ ರಾಜ್ಯ ಸರ್ಕಾರವು ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರನ್ನು ಕೊಟ್ಟಿತು. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 10.8 ಲಕ್ಷ. ಕ್ರೈಸ್ತರು ಅದರಲ್ಲಿ ಸಣ್ಣ ಪಾಲು. ಈ ಸಣ್ಣತನವನ್ನು ಲೇಖನದ ಕೊನೆಯ ಭಾಗದಲ್ಲಿ ಮತ್ತೆ ಎತ್ತಿಕೊಳ್ಳುತ್ತೇವೆ.

ಕೇಳುವುದು ಮೊದಲು

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯನು ಕೂಗಿಕೊಂಡು ಬಂದಾಗ ಪ್ರಭು ಯೇಸು ಅವನಿಗೆ ತಾನೇನು ಮಾಡಬೇಕೆಂದು ಕೇಳುತ್ತಾರೆ. ಕುರುಡನಿಗೆ ಏನು ಬೇಕೆಂಬುದು ನೆರೆದ ಗುಂಪಿಗೆಲ್ಲ ಗೊತ್ತಿತ್ತು, ಪ್ರಭುವಿಗೂ ಗೊತ್ತಿರಲೇಬೇಕು. ಆದರೂ ಪ್ರಶ್ನೆ ಬರುತ್ತದೆ, ಗುಣವಾಗುವುದು ಉತ್ತರದ ನಂತರ. ಅದೇ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಕಿವುಡನಾದ ತೊದಲುನುಡಿಯವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದೊಯ್ದು, ಅವನ ಕಿವಿಗೆ ಬೆರಳಿಟ್ಟು, ನಾಲಿಗೆಯನ್ನು ಮುಟ್ಟುತ್ತಾರೆ. ಕೇಳಿಸದವನಿಗೆ ಮಾತಿನಿಂದ ಪ್ರಯೋಜನವಿಲ್ಲವಾದ್ದರಿಂದ ಸ್ಪರ್ಶವೇ ಅಲ್ಲಿ ಭಾಷೆಯಾಯಿತು ಎಂದು ನಾವು ಓದಬಹುದು. ಇಬ್ಬರಿಗೂ ಒಂದೇ ವಿಧಾನವಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಕಥೆ ಅರಸರ ಎರಡನೆಯ ಗ್ರಂಥದ 5ನೇ ಅಧ್ಯಾಯದ ನಾಮಾನನದು. ಸಿರಿಯಾದ ಸೇನಾಪತಿಯ ಚರ್ಮರೋಗಕ್ಕೆ ಪರಿಹಾರದ ಸುಳಿವು ಕೊಟ್ಟವಳು ಮನೆಗೆಲಸಕ್ಕಿದ್ದ ಸೆರೆಯಾಳು ಹುಡುಗಿ. ಇಬ್ಬರು ಅರಸರ ನಡುವೆ ಪತ್ರ ಓಡಾಡಿ ಗಾಬರಿಯೆದ್ದಿತೇ ಹೊರತು ಕೆಲಸವಾಗಲಿಲ್ಲ. ಕೋಪಿಸಿಕೊಂಡು ಹೊರಟ ಸೇನಾಪತಿಯನ್ನು ಮತ್ತೆ ದಾರಿಗೆ ತಂದವರೂ ಅವನ ಆಳುಗಳೇ. ಆರೋಗ್ಯದ ತಿಳಿವಳಿಕೆಯು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ ಎಂದು ಭಾವಿಸುವವರು, ನಮ್ಮಲ್ಲಿ ಅಂಥವರು ಕಡಿಮೆಯಿಲ್ಲ, ಈ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದುವುದು ಒಳಿತು.

ದೊಡ್ಡ ಸ್ವಾಮಿಯವರ ಲಸಿಕೆ

ನಮ್ಮ ಸೀಮೆಗೆ ಸಂಬಂಧಪಟ್ಟ ಚರಿತ್ರೆಯೊಂದನ್ನು ಇಲ್ಲಿ ನೆನೆಯಬೇಕು. ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರು ಅಬ್ಬೆ ಜೆ. ಎ. ದ್ಯುಬುವಾ ಭಾರತಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅವರು ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಕೆಲಸಕ್ಕೆ ನಿಂತರು. ಈ ನೆಲದ ಉಡುಪು, ಊಟ, ನಡವಳಿಕೆಗಳನ್ನು ತಮ್ಮದಾಗಿಸಿಕೊಂಡ ಅವರನ್ನು ಜನರು ದೊಡ್ಡ ಸ್ವಾಮಿಯವರೆಂದು ಕರೆದರು. ಭಾರತದ ಮೊದಲ ಸಿಡುಬು ಲಸಿಕೆಯನ್ನು 1802ರ ಜೂನ್‌ನಲ್ಲಿ ಬೊಂಬಾಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಹಾಕಲಾಯಿತು. ಅದಾಗಿ ಎರಡು ವರ್ಷ ತುಂಬುವಷ್ಟರಲ್ಲಿ, 1803–04ರ ಅವಧಿಯಲ್ಲಿ, ದ್ಯುಬುವಾ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯಲ್ಲಿ ಲಸಿಕೆ ಪಡೆದು ದಾಖಲಾದವರ ಸಂಖ್ಯೆ 25,432.

ಈ ಸಂಖ್ಯೆಯ ತೂಕ ತಿಳಿಯಬೇಕಾದರೆ ಆ ಕಾಲದ ಲಸಿಕೆಯ ಸ್ವರೂಪವನ್ನು ನೆನಪಿಡಬೇಕು. ಸೀಸೆಯಲ್ಲಿ ತುಂಬಿ ತಣ್ಣಗಿಟ್ಟ ಔಷಧವಲ್ಲ ಅದು. ಒಂದು ಮಗುವಿನ ತೋಳಿನಲ್ಲೆದ್ದ ಗುಳ್ಳೆಯ ಕೀವನ್ನು ಇನ್ನೊಬ್ಬರ ತೋಳಿಗೆ ಗೀರಿ ಹಾಕಬೇಕಿತ್ತು. ಜಾತಿಯಿಂದ ಜಾತಿಗೆ ಮೈಯ ದ್ರವ ದಾಟುವುದೆಂದರೆ ಆಗಿನ ಊರುಗಳಲ್ಲಿ ಎಂಥ ಮಾತು! ಸಿಡುಬಾದರೋ ಮಾರಮ್ಮನ ಬರವು. ಅದನ್ನು ತಡೆಯುವುದೇ ಅಪರಾಧವೆಂಬ ಭಯವೂ ಇತ್ತು. ಇಂಥಲ್ಲಿ ಜನರ ರೀತಿನೀತಿಗಳನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟುಕೊಂಡಿದ್ದ ಒಬ್ಬ ಗುರುವಿಗೆ ಈ ಕೆಲಸ ಬಂದದ್ದು ಆಕಸ್ಮಿಕವಲ್ಲ. ಮೈಸೂರು ಅರಮನೆಯೂ ಲಸಿಕೆಯ ಪರವಾಗಿತ್ತು. ಥಾಮಸ್ ಹಿಕ್ಕಿ ಸುಮಾರು 1805ರಲ್ಲಿ ಬರೆದ ರಾಣಿಯರ ವರ್ಣಚಿತ್ರದಲ್ಲಿ ಒಬ್ಬರು ತೋಳಿನ ಮೇಲಿನ ಸೆರಗನ್ನು ಸರಿಸಿ ನಿಂತಿರುವುದು ಲಸಿಕೆ ಹಾಕಿದ ಜಾಗವನ್ನು ತೋರಲೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಕಂಪನಿಯ ಕರಪತ್ರಕ್ಕಿಂತ ರಾಣಿಯ ತೋಳು ಹೆಚ್ಚು ಮಾತನಾಡಿದ್ದರೆ ಅಚ್ಚರಿಯಿಲ್ಲ.

ದ್ಯುಬುವಾ ಅವರನ್ನು ಆದರ್ಶವೆಂದು ಹೊಗಳಿ ಮುಗಿಸುವುದು ನಮ್ಮ ಇಂಗಿತವಲ್ಲ. ಅವರ ಬರಹಗಳಲ್ಲಿ ಇಲ್ಲಿನ ಜನರ ಬಗ್ಗೆ ಕಟುವಾದ, ಕೆಲವೆಡೆ ಅನ್ಯಾಯದ ಮಾತುಗಳಿವೆ. 1823ರಲ್ಲಿ ಪ್ರಕಟವಾದ ಅವರ ಪತ್ರಗಳು ಈ ದೇಶದಲ್ಲಿ ಮತಾಂತರದ ಆಸೆಯೇ ಇಲ್ಲವೆಂಬ ನಿರಾಶೆಯಿಂದ ತುಂಬಿವೆ. ಆದರೆ ಒಂದು ಸಂಗತಿ ಗಮನಾರ್ಹ: ಅವರ ಮಿಷನ್ ಕೆಲಸದಲ್ಲಿ ಅವರೇ ಸೋಲೆಂದು ಬಗೆದ ಭಾಗ ಒಂದಾದರೆ, ಯಾವ ಧರ್ಮದ ಷರತ್ತೂ ಇಲ್ಲದೆ ಸಾವಿರಾರು ಮಕ್ಕಳನ್ನು ಉಳಿಸಿರಬಹುದಾದ ಭಾಗ ಇನ್ನೊಂದು.

ಹುಳುಮನೆಯಲ್ಲಿ ಈಗಾಗಲೇ ಇರುವ ಜ್ಞಾನ

ಈಗ ಇಂದಿನ ರಾಮನಗರಕ್ಕೆ ಬರೋಣ. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ಬಹು ದೊಡ್ಡದೆಂದು ಹೆಸರಾದದ್ದು. ನಾಲ್ಕೂ ತಾಲೂಕುಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ, ಹುಳುಮನೆಗಳಿವೆ. ಕೈ ತೊಳೆಯಿರಿ, ಸೊಳ್ಳೆಯಿಂದ ದೂರವಿರಿ, ಬೀಡಿ ಬಿಡಿ ಎಂದು ಉಪದೇಶಿಸಲು ಹಳ್ಳಿಗೆ ಹೋಗುವ ಆರೋಗ್ಯ ಕಾರ್ಯಕರ್ತರು, ಅವರೊಂದಿಗೆ ಹೋಗುವ ನಮ್ಮ ಗುರುವಿದ್ಯಾರ್ಥಿಗಳೂ ಸಹ, ಮೊದಲು ಆ ಹುಳುಮನೆಯ ಬಾಗಿಲಲ್ಲಿ ನಿಂತು ನೋಡಬೇಕು.

ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಒಳಗೆ ಹೋಗುವವರು ಕೈಕಾಲು ತೊಳೆಯಬೇಕು. ಹೊರಗಿನವರಿಗೆ ಸುಮ್ಮಸುಮ್ಮನೆ ಪ್ರವೇಶವಿಲ್ಲ. ಬೀಡಿ ಸೇದಿ ಬಂದವರನ್ನು ಮನೆಯ ಹೆಂಗಸರೇ ಹೊರಗೆ ನಿಲ್ಲಿಸುತ್ತಾರೆ, ಏಕೆಂದರೆ ಹೊಗೆಸೊಪ್ಪು ಹುಳುವಿಗೆ ವಿಷ. ಕಿಟಕಿಗಳಿಗೆ ಊಜಿ ನೊಣದ ಪರದೆ. ಈ ನೊಣ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಬಳಿಕ ಪರದೆ ಕಟ್ಟುವುದನ್ನು ರೈತರು ಕಲಿತುಕೊಂಡರು. ಕಾಯಿಲೆ ಬಿದ್ದ ಹುಳುಗಳನ್ನು ಆರಿಸಿ ಬೇರೆ ಮಾಡಿ ನಾಶಪಡಿಸುತ್ತಾರೆ. ಮೊಟ್ಟೆ ಕೊಳ್ಳುವಾಗ ರೋಗರಹಿತವೆಂದು ಪರೀಕ್ಷೆಯಾದುದನ್ನೇ ಕೊಳ್ಳುತ್ತಾರೆ. ಈ ಕೊನೆಯ ಪದ್ಧತಿಯ ಮೂಲ ಲೂಯಿ ಪಾಶ್ಚರ್ ಅವರದು. 1865ರಿಂದ ಕೆಲವು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಕೆಲಸ ಮಾಡಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಗಂಟುರೋಗವನ್ನು ತಡೆಯುವ ದಾರಿಯನ್ನು ಅವರು ತೋರಿದರು. ಸೋಂಕು, ಪ್ರತ್ಯೇಕಿಸುವಿಕೆ, ಶುದ್ಧೀಕರಣ, ವಾಹಕ ಕೀಟದ ತಡೆ, ಮೂಲದಲ್ಲೇ ಪರೀಕ್ಷೆ ಎಂಬ ಆರೋಗ್ಯಶಾಸ್ತ್ರದ ಮುಖ್ಯ ಕಲ್ಪನೆಗಳೆಲ್ಲ ಕೈಯಲ್ಲಿರುವ ಈ ರೈತ ಕುಟುಂಬವನ್ನು ನಾವು ಏನೂ ತಿಳಿಯದವರೆಂದು ಎಣಿಸಿ ಪಾಠ ಶುರುಮಾಡುತ್ತೇವೆ.

ಹುಳುವಿನ ಕೋಣೆಗೆ ಪರದೆಯಿದ್ದು ಮಗು ಮಲಗುವ ಕೋಣೆಗೆ ಇಲ್ಲದಿರುವುದನ್ನು ಹಲವು ಮನೆಗಳಲ್ಲಿ ಕಾಣಬಹುದು. ಇದನ್ನು ಹಂಗಿಸುವ ಮಾತಾಗಿ ಆಡಿದರೆ ಕೆಲಸ ಕೆಟ್ಟಿತು. ಬೆಳೆ ಕೈಕೊಟ್ಟರೆ ನಷ್ಟ ತಿಂಗಳೊಳಗೆ ಕಣ್ಣಿಗೆ ಕಾಣುತ್ತದೆ, ಸೊಳ್ಳೆಯ ಲೆಕ್ಕ ಹಾಗೆ ಕಾಣುವುದಿಲ್ಲ, ಅಷ್ಟೆ. ಹುಳುಮನೆಯಲ್ಲಿ ನೀವು ಹೇಗೆ ಮಾಡುತ್ತೀರಿ, ಏಕೆ ಮಾಡುತ್ತೀರಿ ಎಂದು ಕೇಳಿ, ಅವರ ವಿವರಣೆಯಿಂದಲೇ ಡೆಂಗಿಯ ಮಾತಿಗೆ ಬರಬಹುದು. ಹೀಗೆ ಬಂದಾಗ ಪಾಠ ಹೇಳುವವರು ಅವರೇ ಆಗುತ್ತಾರೆ.

ಹೊತ್ತಿನ ಪ್ರಶ್ನೆಯೂ ಇದೆ. ನಾಲ್ಕನೇ ಜ್ವರದಿಂದ ಹುಳುಗಳು ಎದ್ದ ಮೇಲೆ (ಪೊರೆ ಬಿಡುವುದನ್ನು ನಮ್ಮ ರೈತರು ಜ್ವರವೆಂದೇ ಕರೆಯುತ್ತಾರೆ) ಗೂಡು ಕಟ್ಟುವ ತನಕ ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಆ ವಾರದಲ್ಲಿ ರಕ್ತಹೀನತೆಯ ತಪಾಸಣಾ ಶಿಬಿರವಿಟ್ಟರೆ ಹೆಂಗಸರು ಬರುವುದಿಲ್ಲ. ಆಮೇಲೆ ವರದಿಯಲ್ಲಿ ಸಮುದಾಯದ ಅಸಹಕಾರ ಎಂದು ಬರೆಯಲಾಗುತ್ತದೆ. ಮರಿಯಿಂದ ಗೂಡಿನವರೆಗೆ ಒಂದು ಬೆಳೆಗೆ ತಿಂಗಳಿಗೆ ಸ್ವಲ್ಪ ಕಡಿಮೆ ಅವಧಿ. ಚಾಕಿ ಯಾವಾಗ ಬಂತೆಂದು ವಿಚಾರಿಸಿದರೆ ಬಿಡುವಿನ ವಾರ ಯಾವುದೆಂದು ಲೆಕ್ಕ ಹಾಕಬಹುದು. ದಿನದೊಳಗಣ ಬಿಡುವಂತೂ ಡೈರಿಗೆ ಹಾಲು ಹಾಕಿ ಬರುವ ಹೊತ್ತಿನಲ್ಲಿದೆ. ಅಲ್ಲಿ ಇಡೀ ಊರೇ ಸೇರುತ್ತದೆ.

ಗೂಡು ಬೆಳೆಯುವವರ ಕಥೆ ಇದಾದರೆ ನೂಲು ಬಿಚ್ಚುವವರದು ಬೇರೆ. ರಾಮನಗರ ಪಟ್ಟಣದ ರೀಲರುಗಳಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಕುದಿಯುವ ಬೇಸಿನ್‌ಗಳ ಆವಿ, ಸದಾ ನೆನೆಯುವ ಬೆರಳುಗಳು, ಪ್ಯೂಪಾದ ವಾಸನೆ, ಗಾಳಿಯಾಡದ ಕೊಠಡಿ. ಫಿಲೇಚರ್ ಕಾರ್ಮಿಕರಲ್ಲಿ ರೇಷ್ಮೆಯ ಅಲರ್ಜಿಯಿಂದ ಉಬ್ಬಸ ಬರುವುದು 1980ರ ದಶಕದಲ್ಲೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಇವರಿಗೆ ಕನ್ನಡದ ಕರಪತ್ರ ಸಾಲದು, ಮನೆಯ ಮಾತು ಉರ್ದು. ಬೆಳಿಗ್ಗೆ ಗೂಡಿನ ಹರಾಜಿನ ಹೊತ್ತಿನಲ್ಲಿ ಗಂಡಸರು ಸಿಗುವುದಿಲ್ಲ. ರಂಜಾನ್ ತಿಂಗಳಲ್ಲಿ ಸಕ್ಕರೆ ಕಾಯಿಲೆಯವರು ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಿಕೊಳ್ಳಬೇಕೆಂಬುದನ್ನು ಉಪವಾಸ ಆರಂಭವಾಗುವ ಮೊದಲೇ ವೈದ್ಯರು ಹೇಳಬೇಕು. ಅದನ್ನು ಮಸೀದಿಯ ಮೂಲಕ ತಿಳಿಸುವ ವ್ಯವಸ್ಥೆಯಾದರೆ ಧರ್ಮಕೇಂದ್ರದ ಗುರು ಇಮಾಮರ ಬಳಿಗೆ ಹೋಗಿ ಚಹಾ ಕುಡಿದು ಬರುವುದು ಸಾಕು, ಉಳಿದದ್ದನ್ನು ಅವರೇ ಮಾಡುತ್ತಾರೆ.

ಚನ್ನಪಟ್ಟಣದ ಬೊಂಬೆ ಮಾಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಲೆ ಮರದ ಪುಡಿ ಶ್ವಾಸಕ್ಕೆ ಹೋಗುತ್ತದೆ, ಕೆಲಸದ ಕೋಣೆ ಅನೇಕ ಕಡೆ ಮನೆಯ ಭಾಗವೇ ಆಗಿರುವುದರಿಂದ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಬೊಂಬೆಗೆ ಬಾಯಿ ಹಾಕುವ ದೂರದ ಮಗುವಿನ ಸುರಕ್ಷೆಗಾಗಿ ಅರಿಸಿನದಂಥ ನೈಸರ್ಗಿಕ ಬಣ್ಣಗಳ ಬಗ್ಗೆ ಸಾಕಷ್ಟು ಪ್ರಚಾರ ನಡೆದಿದೆ. ಬೊಂಬೆ ಕಡೆಯುವವನ ಶ್ವಾಸಕೋಶದ ಬಗ್ಗೆ ಅಷ್ಟು ಮಾತು ಕೇಳಿಬಂದಿಲ್ಲವೆಂಬುದು ನಮ್ಮ ಅನಿಸಿಕೆ.

ಮಾತು ಬದಲಿಸಿದರೆ ಸಾಲದು

ಕನಕಪುರ ತಾಲೂಕು ಕಾವೇರಿ ವನ್ಯಧಾಮದ ಅಂಚಿನಲ್ಲಿದೆ. ಅಲ್ಲಿನ ರೈತನಿಗೆ ಹಾವು ಕಡಿತದ ಕುರಿತು ಹೇಳುವ ಸಾಮಾನ್ಯ ಉಪದೇಶವೆಂದರೆ ರಾತ್ರಿ ಹೊಲಕ್ಕೆ ಹೋಗಬೇಡಿ, ಹೋದರೆ ಬೂಟು ಹಾಕಿ, ಟಾರ್ಚು ಹಿಡಿಯಿರಿ ಎಂಬುದು. ಆದರೆ ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ರಾತ್ರಿಯಲ್ಲಿ ಬಂದರೆ ಅವನು ರಾತ್ರಿಯೇ ಹೋಗಬೇಕು. ಆನೆಯ ಕಾವಲಿಗೂ ರಾತ್ರಿಯೇ ಹೋಗಬೇಕು. ಇಲ್ಲಿ ಸಂದೇಶವನ್ನು ಎಷ್ಟು ಚೆನ್ನಾಗಿ ಸ್ಥಳೀಯ ನುಡಿಗಟ್ಟಿಗೆ ಇಳಿಸಿದರೂ ಫಲ ಅಲ್ಪ. ಬದಲಾಗಬೇಕಾದದ್ದು ಕರೆಂಟಿನ ಹೊತ್ತು. ಸ್ಥಳೀಯತೆ ಎಂಬುದನ್ನು ಜನಪದ ಗೀತೆ, ಬೀದಿನಾಟಕಗಳಿಗೆ ಸೀಮಿತಗೊಳಿಸುವವರು ಈ ಸಂಗತಿಯನ್ನು ಮರೆಯುತ್ತಾರೆ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಹಾಗೆ ಸಂಗ್ರಹವಾಗುವ ಅಂಕಿಅಂಶಗಳಲ್ಲಿ ಕಡಿತದ ಹೊತ್ತೂ ಜಾಗವೂ ಸೇರಿದರೆ, ಗ್ರಾಮ ಪಂಚಾಯತಿಯು ವಿದ್ಯುತ್ ಕಂಪನಿಯ ಮುಂದೆ ಆಧಾರವಿಟ್ಟುಕೊಂಡೇ ಮಾತನಾಡಬಹುದು. ನಾಟಿ ವೈದ್ಯರನ್ನು ಬೈಯುವುದಕ್ಕಿಂತ, ಕಡಿತವಾದವರನ್ನು ತಡಮಾಡದೆ ಪ್ರತಿವಿಷವಿರುವ ಆಸ್ಪತ್ರೆಗೆ ಕಳುಹಿಸುವ ಮೊದಲಿಗರನ್ನಾಗಿ ಅವರನ್ನೇ ಒಪ್ಪಿಸುವುದು ಜಾಣತನ, ಏಕೆಂದರೆ ಜನ ಮೊದಲು ಹೋಗುವುದು ಅವರ ಮನೆಗೆ.

ಕಲ್ಲು ಕ್ವಾರಿಗಳ ದೂಳಿನ ವಿಷಯವೂ ಹೀಗೆಯೇ. ಸಿಲಿಕಾ ದೂಳು ಶ್ವಾಸಕೋಶವನ್ನು ಗಟ್ಟಿಗೊಳಿಸಿ ಕ್ಷಯರೋಗಕ್ಕೆ ದಾರಿ ಮಾಡುತ್ತದೆ. ನೀರು ಚಿಮುಕಿಸಿ ಕೊರೆಯುವ ವ್ಯವಸ್ಥೆ ಮಾಲೀಕನ ಕೈಯಲ್ಲಿದೆ, ಕೂಲಿಯವನ ಮೂಗಿನ ಬಟ್ಟೆಯಲ್ಲಿಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಗೆ ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಆ ದಂಡೆಯ ರೈತನಿಗೆ ನೀರನ್ನು ಕುದಿಸಿ ಕುಡಿಯಿರಿ ಎಂದರೆ ಅವನು ನಕ್ಕರೆ ತಪ್ಪಲ್ಲ. ಕಾರ್ಖಾನೆಯ ಲೋಹದ ಕಶ್ಮಲ ಕುದಿಸಿದರೆ ಹೋಗುವುದಲ್ಲ.

ಮಾಗಡಿಯಲ್ಲಿ ಊಟದ ಪ್ರಶ್ನೆ ಮುಂದೆ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಷ್ಟೋ ಪಥ್ಯದ ಪಟ್ಟಿಗಳು ಚಪಾತಿಯಿಂದ ಶುರುವಾಗುತ್ತವೆ. ಮುದ್ದೆ ಉಣ್ಣುವವರ ಊರಿನಲ್ಲಿ ಆ ಪಟ್ಟಿಯನ್ನು ಮಡಿಚಿ ಗೂಡಿನಲ್ಲಿಡುತ್ತಾರೆ. ಇನ್ನೊಂದೆಡೆ ರಾಗಿ ಒಳ್ಳೆಯದೆಂಬ ಮಾತು ಕೇಳಿ ಎಷ್ಟು ದೊಡ್ಡ ಮುದ್ದೆಯಾದರೂ ಸಕ್ಕರೆ ಏರದೆಂಬ ನಂಬಿಕೆಯೂ ಹಬ್ಬಿದೆ. ಹೇಳಬೇಕಾದದ್ದು ಮುದ್ದೆಯ ಗಾತ್ರವನ್ನು, ಅದರ ಜೊತೆಗಿರುವ ಸೊಪ್ಪು ಕಾಳುಗಳ ಪ್ರಮಾಣವನ್ನು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅದರ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಮೊಳಕೆ ಕಟ್ಟುವುದು, ನಿಂಬೆಹುಳಿ ಸೇರಿಸುವುದು, ಊಟವಾದ ಕೂಡಲೇ ಟೀ ಕುಡಿಯದಿರುವುದು ಸಹಾಯಕ. ಮಾಗಡಿಯ ಅವರೆಕಾಯಿಯ ಕಾಲದಲ್ಲಿ, ಹುರುಳಿಕಾಳಿನ ಸಾರಿನ ಮನೆಯಲ್ಲಿ, ಬೆರಕೆ ಸೊಪ್ಪು ಕೀಳುವ ಅಜ್ಜಿಯ ಎದುರಿನಲ್ಲಿ ಇದನ್ನೆಲ್ಲ ಹೇಳುವುದಕ್ಕೆ ಹೊಸ ಪದಗಳೇ ಬೇಕಿಲ್ಲ.

ಗುರುವಿನ ಸ್ಥಾನ

ಜನರು ತಮ್ಮ ಆರೋಗ್ಯಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಅವರ ಹಕ್ಕೂ ಹೌದು ಕರ್ತವ್ಯವೂ ಹೌದು ಎಂಬುದನ್ನು 1978ರ ಸೆಪ್ಟೆಂಬರಿನ ಆಲ್ಮಾ ಆಟಾ ಘೋಷಣೆ ಸಾರಿತು. ಅದರ ಹಿಂದೆ ಕ್ರೈಸ್ತ ಸೇವೆಯ ಅನುಭವವೂ ಇತ್ತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಚರ್ಚುಗಳ ಜಾಗತಿಕ ಒಕ್ಕೂಟವು 1968ರಲ್ಲಿ ಸ್ಥಾಪಿಸಿದ ಕ್ರೈಸ್ತ ವೈದ್ಯಕೀಯ ಆಯೋಗವು ಆಸ್ಪತ್ರೆಯ ಗೋಡೆಗಳಾಚೆಗಿನ ಸೇವೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಸಂವಾದ ನಡೆಸಿತ್ತು. 1970ರಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿಗಳು ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿಸಿ ತೋರಿದ ಮಾದರಿ ಅದರ ಮುಂದಿತ್ತು. ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ರವಿ ನಾರಾಯಣ್ ಮತ್ತು ತೆಲ್ಮಾ ನಾರಾಯಣ್ 1984ರಲ್ಲಿ ಹೊರಬಂದು ಸಮುದಾಯ ಆರೋಗ್ಯದ ಕೆಲಸವನ್ನು ಬೇರೆಯಾಗಿ ಆರಂಭಿಸಿದರು.

ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲಿ ಇದಕ್ಕೆ ಸಮನಾದ ತತ್ವ 1931ರ ಕ್ವಾದ್ರಜೆಸಿಮೊ ಆನ್ನೊ ವಿಶ್ವಪರಿಪತ್ರದಲ್ಲಿದೆ. ಚಿಕ್ಕ ಸಮುದಾಯವು ತಾನೇ ಮಾಡಬಲ್ಲದ್ದನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳಬಾರದು, ಬೇಕಾದಾಗ ನೆರವಾಗಬೇಕು. ಇದನ್ನು ಸರ್ಕಾರಕ್ಕೆ ಹೇಳುವಾಗ ನಮಗೆ ಉತ್ಸಾಹ ಹೆಚ್ಚು. ಧರ್ಮಕೇಂದ್ರಕ್ಕೂ ಅದೇ ತತ್ವ ಅನ್ವಯಿಸುತ್ತದೆ ಎಂದಾಗ ಉತ್ಸಾಹ ಸ್ವಲ್ಪ ತಗ್ಗುತ್ತದೆ. ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯೆಂಬುದು ಈಗಾಗಲೇ ಇದೆ, ಆಶಾ ಕಾರ್ಯಕರ್ತೆಯಿದ್ದಾಳೆ, ಅಂಗನವಾಡಿಯಿದೆ. ಅವುಗಳ ಪಕ್ಕದಲ್ಲಿ ನಮ್ಮದೊಂದು ಬ್ಯಾನರು ಕಟ್ಟಿ ಪ್ರತ್ಯೇಕ ಶಿಬಿರ ನಡೆಸುವುದಕ್ಕಿಂತ, ಆ ಸಮಿತಿಯ ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕುಳಿತು ಕೇಳುವುದು ಲೇಸು.

ಹೀಗೆನ್ನಲು ಇನ್ನೊಂದು ಕಾರಣವೂ ಇದೆ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ಕನಕಪುರ ತಾಲೂಕಿನ ಹಾರೋಬೆಲೆಯ ಬೆಟ್ಟದ ಮೇಲಣ ಯೇಸು ಪ್ರತಿಮೆಯ ವಿಷಯ ರಾಜ್ಯದಾದ್ಯಂತ ವಿವಾದವಾದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ತಲೆಮಾರುಗಳಿಂದ ಅಕ್ಕಪಕ್ಕದಲ್ಲಿ ಬಾಳಿದವರ ನಡುವೆ ಅನುಮಾನ ಎಷ್ಟು ಬೇಗ ಹುಟ್ಟಬಲ್ಲದೆಂಬುದನ್ನು ಅಲ್ಲಿ ಕಂಡೆವು. ಉಚಿತ ಔಷಧವನ್ನೂ ಆಮಿಷವೆಂದು ನೋಡುವ ಕಾಲದಲ್ಲಿ ಆರೋಗ್ಯಸೇವೆಗೆ ಪ್ರಾರ್ಥನೆಯನ್ನು ಅಂಟಿಸುವುದು, ಶಿಬಿರದ ಫೋಟೋವನ್ನು ಧರ್ಮಪ್ರಚಾರದ ಫಲವೆಂಬಂತೆ ಹಂಚುವುದು, ಅತ್ಯಂತ ಬೇಜವಾಬ್ದಾರಿಯ ಕೆಲಸಗಳು. ಅದರ ಪೆಟ್ಟು ತಿನ್ನುವವರು ಫೋಟೋದಲ್ಲಿರುವ ಗುರುಗಳಲ್ಲ. ಮುಂದಿನ ಸಲ ಬಾಗಿಲು ತೆರೆಯದ ಮನೆಯಲ್ಲಿರುವ ಗರ್ಭಿಣಿ ಮತ್ತು ಲಸಿಕೆ ತಪ್ಪಿದ ಕೂಸು. ಮಾಗಡಿ ತಾಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಧರ್ಮ ಕೇಳದೆ ಅನ್ನವಿಟ್ಟದ್ದನ್ನು ಕಂಡ ಜನರಿಗೆ ಷರತ್ತಿಲ್ಲದ ಸೇವೆ ಯಾವುದು, ಷರತ್ತಿನದು ಯಾವುದು ಎಂಬುದನ್ನು ಗುರುತಿಸಲು ಬರುತ್ತದೆ.

ಯಾಜಕಕಾಂಡದ 13ನೇ ಅಧ್ಯಾಯದ ಯಾಜಕನು ಚರ್ಮದ ಮಚ್ಚೆಯನ್ನು ಪರೀಕ್ಷಿಸಿ, ಏಳು ದಿನ ಕಾದು, ಮತ್ತೆ ಪರೀಕ್ಷಿಸುತ್ತಿದ್ದ. ಅವನು ಮದ್ದು ಕೊಡುತ್ತಿರಲಿಲ್ಲ. ನೋಡುವುದು, ಕಾಯುವುದು, ಮತ್ತೆ ನೋಡುವುದು ಅವನ ಕೆಲಸ. ಇಂದಿನ ಗುರುವಿಗೆ ವೈದ್ಯನ ಪಾತ್ರವಿಲ್ಲ, ಪ್ರಬೋಧನೆಯ ಪೀಠದಿಂದ ಔಷಧದ ಸಲಹೆ ಕೊಡುವುದಂತೂ ಸಲ್ಲದು. ಊರಿನ ಹೊತ್ತು, ಕೆಲಸ, ಮಾತು, ಭಯಗಳನ್ನು ಬಲ್ಲವನಾಗಿ ಆ ತಿಳಿವಳಿಕೆಯನ್ನು ಆರೋಗ್ಯ ಇಲಾಖೆಯವರಿಗೆ ಒದಗಿಸುವುದು ಅವನಿಂದ ಸಾಧ್ಯ.

ಇದಕ್ಕೆ ಗುರುಮಠದ ಪಾಲನಾ ತರಬೇತಿಯಲ್ಲೇ ಅಭ್ಯಾಸ ಬೇಕು. ಗ್ರಾಮವಾಸಕ್ಕೆ ಹೋಗುವ ವಿದ್ಯಾರ್ಥಿಯು ಮೊದಲ ತಿಂಗಳು ಯಾವ ಭಾಷಣವನ್ನೂ ಮಾಡದೆ, ಆ ಊರಿನ ವರ್ಷವನ್ನು ಒಂದು ಹಾಳೆಯಲ್ಲಿ ಬರೆಯಲಿ: ಹುಳು ಯಾವಾಗ ಹಣ್ಣಾಗುತ್ತದೆ, ರಾಗಿ ಕೊಯ್ಲು ಎಂದು, ಮಾರಿಹಬ್ಬ ಯಾವ ವಾರ, ಉರುಸು ಎಂದು, ತಪಸ್ಸುಕಾಲ ಎಲ್ಲಿ ಬೀಳುತ್ತದೆ, ಕರೆಂಟು ಎಷ್ಟು ಗಂಟೆಗೆ, ಬೆಂಗಳೂರಿನ ಗಾರ್ಮೆಂಟ್ಸ್ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಹೆಂಗಸರು ಎಲ್ಲಿ ಒಟ್ಟಿಗೆ ಕೂರುತ್ತಾರೆ. ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸಿ ತಿದ್ದಿಸಿಕೊಳ್ಳಲಿ. ಯಾರಿಗೆ ಯಾವ ಕಾಯಿಲೆಯೆಂಬ ಒಂದು ಹೆಸರೂ ಆ ಹಾಳೆಯಲ್ಲಿರಬಾರದು. ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಇನ್ನೊಂದು ಗ್ರಾಮ ಪಂಚಾಯತಿಗೆ ಸಲ್ಲಲಿ. ಮುಂದಿನ ವರ್ಷ ಬರುವ ವಿದ್ಯಾರ್ಥಿ ಅದೇ ಹಾಳೆಯ ಮೇಲೆ ಬದಲಾದದ್ದನ್ನು ಗುರುತಿಸಲಿ.